ಗ್ಯಾಸ್ ಗೀಸರ್ ಬರ್ನರ್: ನಾವೇ ನೋಡುವುದೇ, ಪೇಟೆಯ ಮೆಕ್ಯಾನಿಕ್ಕೇ, ಕಂಪೆನಿಯವರೇ?

ಬದಿಯಡ್ಕ ಕಡೆಯವರೊಬ್ಬರು ಕೇಳಿದ್ದಾರೆ: ಗೀಸರಿನ ಬರ್ನರ್ ಸರ್ವಿಸ್ ಯಾರಿಂದ ಮಾಡಿಸುವುದು?

ಖರ್ಚಿನಲ್ಲಿ ನಾವೇ ಮಾಡುವುದಕ್ಕೆ ಸಾಟಿಯಿಲ್ಲ. ಪೇಟೆಯ ಮೆಕ್ಯಾನಿಕ್ ಸಾಮಾನ್ಯವಾಗಿ ಕಂಪೆನಿಯವರಿಗಿಂತ ಅಗ್ಗ, ಕರೆದರೆ ಬೇಗ ಬರುತ್ತಾರೆ. ಕಂಪೆನಿಯವರಿಗೆ ಒಳಗಿನ ಹಳ್ಳಿಗಳಲ್ಲಿ ಕಾಯಬೇಕಾಗಬಹುದು.

ಆದರೆ ಇಲ್ಲಿ ಸುರಕ್ಷತೆಯೇ ದೊಡ್ಡದು. ಕಿಂಡಿಯಲ್ಲಿ ಇಣುಕಿ ನೋಡಿ: ಉರಿ ನೀಲಿಯಾಗಿ, ಒಂದೇ ಸಮನಾಗಿ ಇರಬೇಕು. ಹಳದಿ ನಾಲಗೆ ಚಾಚಿ, ಮೇಲೆ ನೀರಿಗೆ ಬಿಸಿ ಮುಟ್ಟಿಸುವ ತಾಮ್ರದ ರೆಕ್ಕೆಗಳಿಗೆ ಮಸಿ ಹಿಡಿದಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಆಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಬಚ್ಚಲಲ್ಲಿ ಜೀವ ತೆಗೆಯುತ್ತದೆ. ಕೂಡಲೇ ಗೀಸರ್ ನಿಲ್ಲಿಸಿ. ಈ ನೋಟ, ಬ್ಯಾಟರಿ ಬದಲಿಸುವುದು, ಜೋಡಣೆಗಳಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು, ಇಷ್ಟು ಮನೆಯವರ ಕೆಲಸ. ಗ್ಯಾಸ್ ಹೊರಬರುವ ಸಣ್ಣ ತೂತಿನ ಮೂತಿಗೆ (ಜೆಟ್) ಪಿನ್ನು ಚುಚ್ಚಲೇಬೇಡಿ, ತೂತು ದೊಡ್ಡದಾದರೆ ಉರಿಯ ಹದವೇ ಕೆಡುತ್ತದೆ.

ಜೇಡ ಬಲೆ ಕಟ್ಟಿದ್ದು, ಧೂಳು, ತುಕ್ಕು: ಇವನ್ನು ಬಿಚ್ಚಿ ತೆಗೆಯಲು ಅನುಭವಿ ಮೆಕ್ಯಾನಿಕ್ ಸಾಕು. ಕುಂಬಳೆ, ಉಪ್ಪಳದಂತಹ ಕಡಲತಡಿಯಲ್ಲಿ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುವುದರಿಂದ ಹತ್ತಿರದವರು ಸಿಕ್ಕರೆ ಅನುಕೂಲ. ಆದರೆ ಕೆಲಸ ಮುಗಿದ ಮೇಲೆ ನಿಮ್ಮೆದುರೇ ಸೋರಿಕೆ ಪರೀಕ್ಷೆ ಮಾಡಿಸಿ.

ವಾರಂಟಿ ಇದ್ದರೆ, ವಾಲ್ವ್ ಅಥವಾ ಸೆನ್ಸರ್ ಕೆಟ್ಟಿದ್ದರೆ, ಹಳದಿ ಉರಿ ಮತ್ತೆ ಮತ್ತೆ ಬಂದರೆ ಕಾದರೂ ಸರಿ, ಕಂಪೆನಿಯವರನ್ನೇ ಕರೆಸಿ. ಗ್ಯಾಸ್ ವಾಸನೆ ಬಂದರೆ ಯಾರಿಗೂ ಕಾಯದೆ ರೆಗ್ಯುಲೇಟರ್ ಬಂದ್ ಮಾಡಿ, ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಅಡುಗೆ ಅನಿಲದ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.