ದುಷ್ಯಂತನ ಚಿತ್ರಪಟ ಮತ್ತು ಗೂಗಲ್ ಫೋಟೋಸ್‌ನ ‘ಮೆಮೊರೀಸ್’

ಗೂಗಲ್ ಫೋಟೋಸ್ 2015ರ ಮೇ ತಿಂಗಳಲ್ಲಿ ಆರಂಭವಾಯಿತು. ಹಳೆಯ ಚಿತ್ರಗಳನ್ನು ತಾನಾಗಿಯೇ ಆರಿಸಿ, ಒಂದರ ಹಿಂದೊಂದು ತೋರಿಸುವ ‘ಮೆಮೊರೀಸ್’ ಎಂಬ ಸೌಲಭ್ಯ ಅದಕ್ಕೆ ಸೇರಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಆ್ಯಪ್ ತೆರೆದರೆ ಮೇಲ್ಭಾಗದಲ್ಲೇ ಅದರ ಸಾಲು ಕಾಣುತ್ತದೆ. ಒಂದನ್ನು ಒತ್ತಿದರೆ ಪರದೆ ತುಂಬ ಚಿತ್ರ ಬರುತ್ತದೆ, ಮೇಲೆ ಇಷ್ಟು ವರ್ಷಗಳ ಹಿಂದೆ ಎಂಬ ಶೀರ್ಷಿಕೆ ಇರುತ್ತದೆ, ಕೆಲವು ಕ್ಷಣಗಳಲ್ಲಿ ಅದು ತಾನಾಗಿಯೇ ಸರಿದು ಮುಂದಿನ ಚಿತ್ರಕ್ಕೆ ಜಾಗ ಬಿಡುತ್ತದೆ. ಸಂಗ್ರಹದ ಸಾಮರ್ಥ್ಯ, ದರ, ವೇಗ ಇವುಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳು ಬಂದಿವೆ. 2021ರ ಜೂನ್‌ನಿಂದ ಮಿತಿಯಿಲ್ಲದ ಉಚಿತ ಸಂಗ್ರಹ ನಿಂತಿದೆ, ಜಿಮೇಲ್ ಮತ್ತು ಡ್ರೈವ್ ಜೊತೆ ಹಂಚಿಕೊಳ್ಳಬೇಕಾದ 15 ಜಿಬಿ ಮಾತ್ರ ಉಚಿತ ಎಂಬಷ್ಟನ್ನು ಹೇಳಿ ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. ನೆನಪು ಎಂಬ ದೊಡ್ಡ ಹೆಸರನ್ನು ಹೊತ್ತ ಈ ಸೌಲಭ್ಯ ನಮ್ಮ ನೆನಪಿನೊಂದಿಗೆ ಹೇಗೆ ನಡೆದುಕೊಳ್ಳುತ್ತದೆ, ಅದರಲ್ಲಿ ಕಲ್ಪನೆಯ ಪಾಲು ಎಷ್ಟು ಎಂಬುದನ್ನು ಪರೀಕ್ಷಿಸುವುದಷ್ಟೇ ಈ ಬರಹದ ಉದ್ದೇಶ.

ಇದಕ್ಕೆ ಅಳತೆಗೋಲು ಹುಡುಕುತ್ತ ಹೋದಾಗ ನನಗೆ ಹೆಚ್ಚು ನೆರವಾದದ್ದು ಭಾರತೀಯ ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರ. ಅದರ ಮೂರನೆಯ ಅಧ್ಯಾಯದ ಎರಡನೆಯ ಆಹ್ನಿಕದಲ್ಲಿ, ಅಂದರೆ ಉಪವಿಭಾಗದಲ್ಲಿ, ಒಂದು ಸೊಗಸಾದ ಪ್ರಶ್ನೆ ಬರುತ್ತದೆ. ಅನುಭವಗಳು ಬಿಟ್ಟುಹೋದ ಅಚ್ಚುಗಳು, ಅಂದರೆ ಸಂಸ್ಕಾರಗಳೆಲ್ಲ, ಆತ್ಮದಲ್ಲೇ ಇರುವಾಗ ಎಲ್ಲ ನೆನಪುಗಳೂ ಒಮ್ಮೆಲೇ ಏಕೆ ಏಳುವುದಿಲ್ಲ? ಸಂಸ್ಕಾರವಿದ್ದರೆ ಸಾಲದು, ಅದನ್ನು ಎಚ್ಚರಿಸುವ ನಿಮಿತ್ತವೂ ಬೇಕು ಎಂಬುದು ಉತ್ತರ. ಅಂಥ ನಿಮಿತ್ತಗಳನ್ನು ಗೌತಮ ಒಂದೇ ಸೂತ್ರದಲ್ಲಿ ಪೋಣಿಸುತ್ತಾನೆ. ಎಣಿಸಿದರೆ 27 ಆಗುತ್ತವೆ. ಮನಸ್ಸಿಟ್ಟು ಯೋಚಿಸುವುದು, ಅಭ್ಯಾಸ, ಗುರುತು, ಹೋಲಿಕೆ, ಸಂಬಂಧ, ಅಗಲಿಕೆ, ವಿರೋಧ, ಮರೆ, ಸುಖ, ದುಃಖ, ಆಸೆ, ದ್ವೇಷ, ಭಯ, ಹೀಗೆ ಸಾಗುವ ಪಟ್ಟಿ ಅದು. ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯ ಇವುಗಳಿಗೆ ಉದಾಹರಣೆ ಕೊಡುತ್ತ ಹೋಗುತ್ತದೆ. ಒರೆಯನ್ನು ಕಂಡರೆ ಒಳಗಿನ ಕತ್ತಿ ನೆನಪಾಗುತ್ತದೆ, ಇದು ಮರೆ. ಪರಸ್ಪರ ಹಗೆಗಳಲ್ಲಿ ಒಬ್ಬನನ್ನು ಕಂಡರೆ ಇನ್ನೊಬ್ಬ ನೆನಪಾಗುತ್ತಾನೆ, ಇದು ವಿರೋಧ. ಹೋಲಿಕೆಗೆ ಭಾಷ್ಯಕಾರ ಕೊಡುವ ಉದಾಹರಣೆಯಂತೂ ಈ ವಿಮರ್ಶೆಗೆಂದೇ ಬರೆದಂತಿದೆ: ಚಿತ್ರದಲ್ಲಿರುವ ದೇವದತ್ತನ ಪ್ರತಿರೂಪವನ್ನು ಕಂಡು ದೇವದತ್ತನನ್ನು ನೆನೆಯುವುದು. ಫೋಟೋ ಎಂಬ ವಸ್ತುವಿಗೆ 27ರಲ್ಲಿ ಸಿಕ್ಕಿರುವುದು ಒಂದು ಸ್ಥಾನ.

‘ಮೆಮೊರೀಸ್’ ಬಳಸುವ ನಿಮಿತ್ತಗಳನ್ನು ಈ ಪಟ್ಟಿಯ ಪಕ್ಕಕ್ಕಿಟ್ಟು ನೋಡಬೇಕು. ಮುಖ್ಯವಾದದ್ದು ತಾರೀಖು: ಇದೇ ದಿನ, ಇದೇ ವಾರ, ಇಷ್ಟು ವರ್ಷಗಳ ಹಿಂದೆ. ಆಮೇಲೆ ಮುಖ: ಆ್ಯಪ್ ಮುಖಗಳನ್ನು ಗುಂಪು ಮಾಡಿ ಒಬ್ಬರ ಚಿತ್ರಗಳನ್ನು ಒಟ್ಟಿಗೆ ತರುತ್ತದೆ, ಮಗುವಿನ ಮುಖವನ್ನೂ ಅದೇ ವ್ಯಕ್ತಿ ಬೆಳೆದ ಮೇಲಿನ ಮುಖವನ್ನೂ ಹಲವು ಸಲ ಸರಿಯಾಗಿಯೇ ಜೋಡಿಸುತ್ತದೆ. ಈ ಕೆಲಸದಲ್ಲಿ ಅದರ ಜಾಣತನವನ್ನು ಒಪ್ಪಲೇಬೇಕು. ಇನ್ನುಳಿದವು ಸ್ಥಳ, ಮತ್ತು ಸಮುದ್ರತೀರ, ಊಟ, ಸಾಕುಪ್ರಾಣಿ ಎಂಬಂಥ ವಿಷಯದ ಹೋಲಿಕೆ. ಇದರಾಚೆಗಿನ ಅಗಲಿಕೆ, ವಿರೋಧ, ಭಯ, ದುಃಖಗಳಿಗೆ ತಂತ್ರಾಂಶದಲ್ಲಿ ದಾರಿಯೇ ಇಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ಮೊದಲ ಪಟ್ಟ ಪಡೆದಿರುವ ತಾರೀಖು ಗೌತಮನ ಪಟ್ಟಿಯಲ್ಲಿ ಹೆಸರಿಲ್ಲದ್ದು. ಮನುಷ್ಯರ ಮನಸ್ಸಿನಲ್ಲಿ ತಾರೀಖಿನಿಂದ ಏಳುವ ನೆನಪುಗಳು ಬಹಳ ಕಡಿಮೆ. ಹುಟ್ಟುಹಬ್ಬ, ಮದುವೆಯ ದಿನ, ತಿಥಿ ಇವನ್ನು ಬಿಟ್ಟರೆ ಯಾರೂ ‘ಆರು ವರ್ಷಗಳ ಹಿಂದೆ ಇದೇ ಬುಧವಾರ’ ಎಂದು ನೆನೆಯುವುದಿಲ್ಲ.

ಒಂದು ಗೃಹಪ್ರವೇಶದ ಚಿತ್ರವನ್ನೇ ತೆಗೆದುಕೊಳ್ಳೋಣ. ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲ ಮೇಲೆ ಅರಿಸಿನ ಕುಂಕುಮ, ಹಿಂಬದಿಯಲ್ಲಿ ಇನ್ನೂ ಬಣ್ಣ ಬಳಿಯದ ಗೋಡೆ, ಮುಂದೆ ಸಾಲಾಗಿ ನಿಂತ ಏಳೆಂಟು ಮಂದಿ. ಆ್ಯಪ್‌ಗೆ ಕಾಣುವುದು ಇಷ್ಟು. ಅದನ್ನು ನೋಡಿದ ಮನೆಯವರಿಗೆ ನೆನಪಾಗುವುದು ಆ ಬೆಳಿಗ್ಗೆ ಹೋಮದ ಹೊಗೆಗೆ ಕಣ್ಣು ಉರಿದದ್ದು, ಹಾಲು ಉಕ್ಕುವಾಗ ಯಾರೋ ಕೂಗಿದ್ದು, ಬರಬೇಕಿದ್ದ ಅಣ್ಣ ಜಗಳದ ಕಾರಣಕ್ಕೆ ಬಾರದೇ ಉಳಿದದ್ದು. ಬಾರದವನ ಮುಖವನ್ನು ಯಾವ ಗುಂಪಿಗೂ ಸೇರಿಸಲಾಗದು. ಹಾಗೆಯೇ ಚಿತ್ರ ತೆಗೆದವರ ಮುಖವನ್ನೂ ಸೇರಿಸಲಾಗದು. ಮನೆಯಲ್ಲಿ ಸದಾ ಕ್ಯಾಮೆರಾ ಹಿಡಿಯುವವರು ಒಬ್ಬರೇ ಇರುತ್ತಾರೆ. ಹತ್ತು ವರ್ಷಗಳ ‘ಮೆಮೊರೀಸ್’ ಅನ್ನು ಸಾಲಾಗಿ ನೋಡಿದರೆ ಆ ಮನೆಯಲ್ಲಿ ಅಂಥ ಒಬ್ಬರು ಇದ್ದರೆಂಬುದೇ ತಿಳಿಯದಷ್ಟು ಅವರು ಮರೆಯಾಗಿರುತ್ತಾರೆ. ವಾತ್ಸ್ಯಾಯನನ ಒರೆ ಮತ್ತು ಕತ್ತಿಯ ನ್ಯಾಯದಂತೆ ಪ್ರತಿ ಚಿತ್ರವೂ ಅದನ್ನು ತೆಗೆದ ಕೈಯನ್ನು ನೆನಪಿಸಬೇಕು. ಆ ಕೆಲಸ ನೋಡುವವರದ್ದಾಗಿಯೇ ಉಳಿದಿದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯಿದೆ. ನಾವು ಕಂಡ ಘಟನೆಯನ್ನು ನೆನೆಯುವಾಗ ಕೆಲವೊಮ್ಮೆ ನಮ್ಮ ಕಣ್ಣಿನಿಂದಲೇ ಅದನ್ನು ಮತ್ತೆ ನೋಡುತ್ತೇವೆ, ಕೆಲವೊಮ್ಮೆ ಹೊರಗೆ ನಿಂತು ನಮ್ಮನ್ನೇ ನೋಡುತ್ತೇವೆ. ನಿಗ್ರೊ ಮತ್ತು ನೈಸರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಈ ಎರಡು ಬಗೆಯ ನೆನಪುಗಳನ್ನು ವಿಂಗಡಿಸಿ ಪರಿಶೀಲಿಸಿದ್ದರು. ಹೊರಗಿನಿಂದ ಕಾಣುವ ನೆನಪಿನಲ್ಲಿ ಕಲ್ಪನೆಯ ಕೈವಾಡ ಇರಲೇಬೇಕು, ಏಕೆಂದರೆ ಅಂಥ ನೋಟವನ್ನು ನಾವು ಎಂದೂ ಅನುಭವಿಸಿರುವುದಿಲ್ಲ. ‘ಮೆಮೊರೀಸ್’ ನಮ್ಮ ಮುಂದಿಡುವ ನಮ್ಮ ಚಿತ್ರಗಳೆಲ್ಲ ಈ ಎರಡನೆಯ ಜಾತಿಯವು. ಅವನ್ನು ಮತ್ತೆ ಮತ್ತೆ ನೋಡಿದವರು ತಮ್ಮ ಮದುವೆಯನ್ನು ನೆನೆಯುವಾಗ ಫೋಟೋಗ್ರಾಫರ್ ನಿಂತ ಜಾಗದಿಂದ ನೆನೆಯುತ್ತಾರೆ. ಹಸೆಮಣೆಯ ಮೇಲೆ ಕುಳಿತಾಗ ಎದುರಿಗೆ ಏನು ಕಾಣುತ್ತಿತ್ತು ಎಂದು ಕೇಳಿದರೆ ತಡವರಿಸುತ್ತಾರೆ.

ನೆನಪು ಮತ್ತು ಕಲ್ಪನೆ ಒಂದೇ ಮನೆಯ ಮಕ್ಕಳು ಎಂಬುದು ಹೊಸ ಶೋಧವೇನೂ ಅಲ್ಲ. ನೆನಪು ಕಲ್ಪನೆಯಿರುವ ಭಾಗಕ್ಕೇ ಸೇರಿದ್ದು ಎಂದು ಅರಿಸ್ಟಾಟಲ್ ಹೇಳಿದ್ದ. ಗೋಡೆಯ ಮೇಲಿನ ಚಿತ್ರವನ್ನು ಬರಿಯ ಚಿತ್ರವಾಗಿಯೂ ನೋಡಬಹುದು, ಯಾರದೋ ಪ್ರತಿರೂಪವಾಗಿಯೂ ನೋಡಬಹುದು. ಮನಸ್ಸಿನೊಳಗಿನ ಬಿಂಬವನ್ನು ಹಿಂದೆ ಕಂಡದ್ದರ ಪ್ರತಿರೂಪವಾಗಿ ನೋಡಿದಾಗ ಅದು ನೆನಪಾಗುತ್ತದೆ ಎಂಬುದು ಅವನ ವಾದ. ಈ ಎರಡು ನೋಟಗಳ ನಡುವಿನ ಜಿಗಿತವನ್ನು ಕಾಳಿದಾಸನಷ್ಟು ನಿಖರವಾಗಿ ತೋರಿಸಿದವರನ್ನು ನಾನು ಕಂಡಿಲ್ಲ. ಶಾಕುಂತಲದ ಆರನೆಯ ಅಂಕದಲ್ಲಿ, ಉಂಗುರ ಸಿಕ್ಕಿ ನೆನಪು ಮರಳಿದ ದುಷ್ಯಂತ ತಾನು ಬರೆದ ಶಕುಂತಲೆಯ ಚಿತ್ರಪಟವನ್ನು ತರಿಸಿಕೊಂಡು ನೋಡುತ್ತಾನೆ. ಮಾಲಿನೀ ನದಿಯನ್ನು, ಅದರ ಮರಳ ಮೇಲಿನ ಹಂಸದ ಜೋಡಿಯನ್ನು ಬರೆಯುವುದು ಬಾಕಿಯಿದೆ, ಕಿವಿಗೆ ಶಿರೀಷದ ಹೂವು ಇಟ್ಟಿಲ್ಲ ಎಂದು ಕೊರತೆಗಳನ್ನು ಹೇಳುತ್ತಾನೆ. ಇದು ಇನ್ನೂ ನೆನಪು. ಅಷ್ಟರಲ್ಲಿ ಚಿತ್ರದಲ್ಲಿನ ದುಂಬಿ ಅವಳ ಮುಖದತ್ತ ಬರುವುದನ್ನು ಕಂಡು ಅದನ್ನು ಗದರತೊಡಗುತ್ತಾನೆ. ಇದು ಚಿತ್ರ ಎಂದು ವಿದೂಷಕ ಎಚ್ಚರಿಸಿದಾಗ ದುಷ್ಯಂತ ಕೃತಜ್ಞನಾಗುವುದಿಲ್ಲ. ಅವಳನ್ನೇ ಎದುರಿಗೆ ಕಾಣುವ ಸುಖದಲ್ಲಿದ್ದೆ, ನೀನು ನೆನಪು ಮಾಡಿಕೊಟ್ಟು ನನ್ನ ಪ್ರಿಯೆಯನ್ನು ಮತ್ತೆ ಚಿತ್ರವಾಗಿಸಿದೆ ಎಂದು ದುಃಖಿಸುತ್ತಾನೆ.

ದುಷ್ಯಂತನಿಗೆ ಚಿತ್ರವನ್ನು ದಿಟ್ಟಿಸಲು ಅವಕಾಶವಿತ್ತು. ‘ಮೆಮೊರೀಸ್’ನಲ್ಲಿ ಚಿತ್ರದ ಕೊರತೆಯೇನೆಂದು ಕಣ್ಣು ಹುಡುಕುವಷ್ಟರಲ್ಲಿ ಪರದೆ ಸರಿದಿರುತ್ತದೆ. ಬೆರಳೊತ್ತಿ ಹಿಡಿದರೆ ನಿಲ್ಲುತ್ತದೆ, ನಿಜ; ಆದರೆ ವಿನ್ಯಾಸದ ಒಲವು ನಿಲ್ಲಿಸುವ ಕಡೆಗಿಲ್ಲ. ಇಲ್ಲದ ಹಂಸದ ಜೋಡಿ ನೆನಪಿಗೆ ಬರಲು ಸ್ವಲ್ಪ ಹೊತ್ತು ಬೇಕು. ಈ ಅವಸರವನ್ನು ನಾನು ಸೌಲಭ್ಯದ ದೊಡ್ಡ ದೋಷಗಳಲ್ಲಿ ಒಂದೆಂದು ಎಣಿಸುತ್ತೇನೆ.

ಅದಕ್ಕಿಂತ ಗಂಭೀರವಾದ ತಕರಾರು ತಿದ್ದುವ ಉಪಕರಣಗಳ ಬಗ್ಗೆ. ಹಿನ್ನೆಲೆಯಲ್ಲಿ ನಿಂತ ಅಪರಿಚಿತರನ್ನು ಅಳಿಸಿಹಾಕುವ ‘ಮ್ಯಾಜಿಕ್ ಇರೇಸರ್’ 2021ರಲ್ಲಿ ಗೂಗಲ್‌ನದೇ ಪಿಕ್ಸೆಲ್ 6 ಫೋನಿನೊಂದಿಗೆ ಬಂದು, ಮುಂದೆ ಇತರ ಫೋನುಗಳಿಗೂ ಹರಡಿತು. 2023ರ ಪಿಕ್ಸೆಲ್ 8ರಲ್ಲಿ ಬಂದ ‘ಬೆಸ್ಟ್ ಟೇಕ್’ ಇನ್ನೂ ಮುಂದೆ ಹೋಗಿ, ಒಂದೇ ಗುಂಪಿನ ಹಲವು ಚಿತ್ರಗಳಿಂದ ಒಬ್ಬೊಬ್ಬರ ಒಳ್ಳೆಯ ಮುಖವನ್ನು ಆರಿಸಿ ಒಂದೇ ಚಿತ್ರಕ್ಕೆ ಅಂಟಿಸುತ್ತದೆ. ಎಲ್ಲರೂ ಒಟ್ಟಿಗೆ ನಕ್ಕ ಅಂಥ ಕ್ಷಣ ಎಂದೂ ಇರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಇದೇ ಚಿತ್ರ ‘ಮೆಮೊರೀಸ್’ ಸಾಲಿನಲ್ಲಿ ಎದ್ದು ಬಂದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು? ನೈಯಾಯಿಕರಿಗೆ, ಅಂದರೆ ಗೌತಮನ ನ್ಯಾಯದರ್ಶನವನ್ನು ಅನುಸರಿಸುವವರಿಗೆ, ಸಂಸ್ಕಾರದಿಂದ ಮಾತ್ರ ಹುಟ್ಟುವ ಜ್ಞಾನವೇ ಸ್ಮೃತಿ, ಅಂದರೆ ನೆನಪು. ಮೂಲದ ಅನುಭವ ಯಥಾರ್ಥವಾಗಿದ್ದರೆ ಸ್ಮೃತಿಯೂ ಯಥಾರ್ಥ, ಅಲ್ಲದಿದ್ದರೆ ಅಯಥಾರ್ಥ. ತಿದ್ದಿದ ಚಿತ್ರವನ್ನು ನೋಡುವುದೂ ಒಂದು ಅನುಭವವೇ. ಅದೂ ತನ್ನ ಸಂಸ್ಕಾರವನ್ನು ಬಿಟ್ಟುಹೋಗುತ್ತದೆ. ಹಾಗಾಗಿ ಕೆಲವು ವರ್ಷಗಳ ಬಳಿಕ ಎರಡು ಸಂಸ್ಕಾರಗಳಲ್ಲಿ ಯಾವುದು ಎಚ್ಚರಗೊಂಡಿತೆಂದು ನೆನೆಯುವವನಿಗೂ ತಿಳಿಯದು.

ಇದು ಬರಿಯ ತರ್ಕದ ಭಯವಲ್ಲ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಮಂದಿಗೆ ಬಾಲ್ಯದಲ್ಲಿ ಬಿಸಿಗಾಳಿಯ ಬಲೂನಿನಲ್ಲಿ ಕುಳಿತಂತೆ ತಿದ್ದಿದ ಅವರವರದೇ ಚಿತ್ರವನ್ನು ತೋರಿಸಿದರು. ಅಂಥ ಪ್ರಯಾಣವನ್ನು ಅವರಾರೂ ಮಾಡಿರಲಿಲ್ಲ. ಕೆಲವು ಭೇಟಿಗಳ ಕೊನೆಗೆ ಅರ್ಧದಷ್ಟು ಮಂದಿ ಆ ಪ್ರಯಾಣವನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ‘ನೆನಪಿಸಿಕೊಂಡರು’. ಅಲ್ಲಿ ಮೋಸ ಮಾಡಿದವರು ಸಂಶೋಧಕರು. ನಮ್ಮ ಫೋನಿನಲ್ಲಿ ಆ ಕೆಲಸವನ್ನು ನಾವೇ ಖುಷಿಯಿಂದ ಮಾಡಿಕೊಳ್ಳುತ್ತೇವೆ.

ಮನುಷ್ಯನ ನೆನಪೂ ಹೀಗೆ ತಿದ್ದಿ ಜೋಡಿಸುವುದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನೆನೆಯುವುದೆಂದರೆ ಮರುಕಟ್ಟುವುದು ಎಂದು ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ 1932ರಲ್ಲೇ ವಾದಿಸಿದ್ದ. 2007ರಲ್ಲಿ ಲಂಡನ್ನಿನ ಹಸ್ಸಾಬಿಸ್ ಮತ್ತು ಸಂಗಡಿಗರು ಮೆದುಳಿನ ಹಿಪೊಕ್ಯಾಂಪಸ್ ಭಾಗಕ್ಕೆ ಪೆಟ್ಟಾಗಿ ನೆನಪು ಕಳೆದುಕೊಂಡ ಐವರನ್ನು ಪರೀಕ್ಷಿಸಿದಾಗ, ಹೆಚ್ಚಿನವರಿಗೆ ಕಡಲತೀರದಂಥ ಸರಳ ದೃಶ್ಯವನ್ನು ಹೊಸದಾಗಿ ಕಲ್ಪಿಸಿಕೊಳ್ಳುವುದೂ ಕಷ್ಟವಾಗಿತ್ತು. ಅವರ ವರ್ಣನೆಗಳು ಚೂರುಚೂರಾಗಿದ್ದವು. ಇಂಥ ಫಲಿತಾಂಶಗಳ ಬೆಂಬಲದಿಂದ ಇಂದಿನ ಕೆಲವು ದಾರ್ಶನಿಕರು, ಮುಖ್ಯವಾಗಿ ಕೂರ್ಕನ್ ಮೈಕೇಲಿಯನ್, ನೆನಪು ಎಂದರೆ ಹಿಂದೆ ನಡೆದದ್ದನ್ನು ಕುರಿತ ಕಲ್ಪನೆಯೇ ಎನ್ನುವಷ್ಟು ದೂರ ಹೋಗಿದ್ದಾರೆ. ಮೂಲ ಅನುಭವದಿಂದ ಇಂದಿನ ನೆನಪಿನವರೆಗೆ ಕಾರಣದ ಎಳೆಯೊಂದು ಅಖಂಡವಾಗಿ ಬಂದಿರಬೇಕೆಂದು 1966ರಲ್ಲಿ ವಾದಿಸಿದ ಮಾರ್ಟಿನ್ ಮತ್ತು ಡಾಯ್ಚರ್ ಅವರ ಪಕ್ಷ ಎದುರಿಗಿದೆ. ನನ್ನ ಒಲವು ಈ ಎರಡನೆಯವರ ಕಡೆಗೆ, ಮತ್ತು ಅದು ನೈಯಾಯಿಕರಿಗೂ ಹತ್ತಿರದ್ದು. ಒಂದು ವೇಳೆ ಮೊದಲನೆಯವರೇ ಸರಿಯೆಂದು ಒಪ್ಪಿದರೂ ಇರೇಸರ್‌ನ ಕೆಲಸ ನೆನಪಿನ ಕೆಲಸಕ್ಕೆ ಸಮವಾಗುವುದಿಲ್ಲ. ಮನಸ್ಸು ಮರುಕಟ್ಟುವಾಗ ಅದರ ಇತರ ನೆನಪುಗಳು, ಜೊತೆಗಿದ್ದವರ ಮಾತು, ಊರಿನವರ ಆಕ್ಷೇಪ ಎಲ್ಲವೂ ಅದನ್ನು ಅಡ್ಡಗಟ್ಟುತ್ತವೆ. ಉಪಕರಣ ಅಳಿಸುವಾಗ ಕೇಳುವ ಪ್ರಶ್ನೆ ಚಿತ್ರ ಚೆನ್ನಾಗಿ ಕಾಣುತ್ತದೆಯೇ ಎಂಬುದೊಂದೇ.

ಮೆಚ್ಚಬೇಕಾದದ್ದೂ ಇದೆ. ಇಂಥ ವ್ಯಕ್ತಿಯನ್ನು ಅಥವಾ ಇಂಥ ಅವಧಿಯನ್ನು ತೋರಿಸಬೇಡ ಎಂದು ಹೇಳುವ ಅವಕಾಶವನ್ನು ಸೆಟ್ಟಿಂಗ್ಸ್‌ನಲ್ಲಿ ಕೊಟ್ಟಿದ್ದಾರೆ. ಮನೆಯಲ್ಲಿ ಸಾವು ಸಂಭವಿಸಿದವರಿಗೆ ಇದರ ಬೆಲೆ ಗೊತ್ತು. ಚಿತ್ರ ಅಳಿಯುವುದಿಲ್ಲ, ನಾವಾಗಿ ಹುಡುಕಿದರೆ ಸಿಗುತ್ತದೆ, ತಾನಾಗಿ ಎದುರು ಬಂದು ನಿಲ್ಲುವುದಿಲ್ಲ. ನಿಮಿತ್ತವನ್ನು ತಡೆದು ಸಂಸ್ಕಾರವನ್ನು ಉಳಿಸುವ ಈ ಏರ್ಪಾಡು ಇಡೀ ಸೌಲಭ್ಯದಲ್ಲಿ ನೆನಪಿನ ಸ್ವಭಾವವನ್ನು ಸರಿಯಾಗಿ ಅರಿತು ಮಾಡಿದ ಭಾಗವೆಂದು ನನಗನಿಸಿದೆ. ಅದನ್ನು ಮೆನುವಿನ ಅಷ್ಟು ಒಳಗೆ ಇಡಬಾರದಿತ್ತು.

ಫೋಟೋ ತೆಗೆಯುವುದೇ ನೆನಪಿಗೆ ಮಾರಕ ಎನ್ನುವವರಿಗೆ ಒಂದು ಮಾತು. ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯದಲ್ಲಿ ಬರಿದೇ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ಕಡಿಮೆ ನೆನಪಿದ್ದವು ಎಂಬುದು ಪ್ರಸಿದ್ಧ. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆಳೆದು ತೆಗೆದವರಲ್ಲಿ ಆ ನಷ್ಟ ಕಾಣಲಿಲ್ಲ ಎಂಬ ಉತ್ತರಾರ್ಧವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಗೌತಮನ ಪಟ್ಟಿಯ ಮೊದಲ ಪದವೇ ಪ್ರಣಿಧಾನ, ಮನಸ್ಸಿಡುವುದು.

ಹಾಗಾದರೆ ಬಳಸಬಹುದೇ? ಬಳಸಬಹುದು, ಮೂರು ಜಾಗ್ರತೆಗಳೊಂದಿಗೆ. ತಿದ್ದಿದ ಚಿತ್ರವನ್ನು ಪ್ರತಿಯಾಗಿ ಉಳಿಸಿ, ಮೂಲವನ್ನು ಹಾಗೆಯೇ ಇಟ್ಟುಕೊಳ್ಳಬೇಕು. ಹಳೆಯ ಆಲ್ಬಮ್ಮುಗಳನ್ನು ಸ್ಕ್ಯಾನ್ ಮಾಡಿ ಸೇರಿಸುವವರು ತಾರೀಖನ್ನು ಕೈಯಾರೆ ಬದಲಿಸಬೇಕು, ಇಲ್ಲದಿದ್ದರೆ 1978ರ ಮದುವೆಯನ್ನು ಆ್ಯಪ್ ಸ್ಕ್ಯಾನ್ ಮಾಡಿದ ವರ್ಷದ್ದೆಂದು ಎಣಿಸಿ ಆ ಲೆಕ್ಕದಲ್ಲೇ ಎದುರಿಗೆ ತರಬಹುದು. ಮೂರನೆಯದು ಚಿತ್ರವನ್ನು ಮೇಲಕ್ಕೆ ಸರಿಸಿದಾಗ ಸಿಗುವ ಶೀರ್ಷಿಕೆಯ ಖಾಲಿ ಜಾಗ. ಅಲ್ಲಿ ಕನ್ನಡದಲ್ಲೇ ಬರೆಯಬಹುದು: ತೆಗೆದವರು ಯಾರು, ಬಾರದವರು ಯಾರು, ಚೌಕಟ್ಟಿನ ಆಚೆ ಏನಿತ್ತು, ಆಗ ಯಾರಿಗೆ ಯಾರ ಮೇಲೆ ಸಿಟ್ಟಿತ್ತು. ತಂತ್ರಾಂಶಕ್ಕೆ ದಕ್ಕದ ಅಗಲಿಕೆ, ವಿರೋಧ, ಭಯಗಳಿಗೆ ಇರುವ ಬಾಗಿಲು ಅದೊಂದೇ. ಬರೆಯುವ ಮುನ್ನ ಒಂದು ವಿಷಯ ತಿಳಿದಿರಲಿ: ಸಂಗ್ರಹವನ್ನು ಗೂಗಲ್ ಟೇಕ್‌ಔಟ್ ಎಂಬ, ನಮ್ಮ ದತ್ತಾಂಶವನ್ನು ನಾವೇ ಪಡೆಯುವ ಸೇವೆಯ ಮೂಲಕ ಇಳಿಸಿಕೊಂಡರೆ ಈ ಬರಹ ಚಿತ್ರದ ಕಡತದೊಳಗೆ ಇರುವುದಿಲ್ಲ, ಜೇಸನ್ (JSON) ಎಂಬ ಮಾದರಿಯ ಪ್ರತ್ಯೇಕ ಪಠ್ಯ ಕಡತದಲ್ಲಿ ಬರುತ್ತದೆ. ಅದನ್ನು ಕಸವೆಂದು ಅಳಿಸಬೇಡಿ.