ಮೆದುಳಿನ ರಕ್ತಸ್ರಾವ ಆದವರ ಮನೆಗೆ ಬಿಪಿ ಮಷಿನ್: ಯಾವುದು ತಗೋಬೇಕು, ಯಾವುದು ಬೇಡ

ದಾವಣಗೆರೆಯ ಮೆಡಿಕಲ್ ಶಾಪ್‌ಗಳಲ್ಲಿ ಬಿಪಿ ಮಷಿನ್ ಕೇಳಿದರೆ ಸಾಮಾನ್ಯವಾಗಿ ಎರಡು ಬಗೆ ತೋರಿಸುತ್ತಾರೆ: ಮಣಿಕಟ್ಟಿಗೆ ಕಟ್ಟುವುದು, ತೋಳಿಗೆ ಕಟ್ಟುವುದು. ಮೆದುಳಿನ ರಕ್ತಸ್ರಾವಕ್ಕೆ ಚಿಕಿತ್ಸೆ ಪಡೆದು ಮನೆಗೆ ಬಂದವರಿಗೆ ತೋಳಿನದೇ ಬೇಕು. ಮಣಿಕಟ್ಟಿನದು ಚಿಕ್ಕದು, ಕಟ್ಟಲು ಸುಲಭ, ಆದರೆ ಕೈ ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೂ ಓದು (ರೀಡಿಂಗ್) 7-8 ಅಂಕ ಏರಿಬಿಡುತ್ತದೆ. ಈ ರೋಗಿಗಳ ವಿಷಯದಲ್ಲಿ ಅಷ್ಟು ತಪ್ಪನ್ನೂ ಸಹಿಸಲಾಗದು.

ಕಾರಣ ಇಷ್ಟು: ಇವರಿಗೆ ಬಿಪಿ ಏರಿದರೂ ಕಷ್ಟ, ಅತಿಯಾಗಿ ಇಳಿದರೂ ಕಷ್ಟ. ರಕ್ತಸ್ರಾವವಾದ ಮೊದಲ ಗಂಟೆಗಳಲ್ಲಿ ಬಿಪಿ ಏರಿದ್ದರೆ ಮೆದುಳೊಳಗೆ ಸೋರಿ ನಿಂತ ರಕ್ತದ ಹೆಪ್ಪು ದೊಡ್ಡದಾಗಬಹುದು. ಹಾಗಾಗಿ ಬಿಪಿಯ ಮೇಲಿನ ಅಂಕ 150ರಿಂದ 220ರ ನಡುವೆ ಇದ್ದು ಆಸ್ಪತ್ರೆಗೆ ಬಂದವರಲ್ಲಿ ಅದನ್ನು 140ರ ಆಸುಪಾಸಿಗೆ ತಂದು 130-150ರೊಳಗೆ ಕಾಯಬೇಕೆಂದು ಅಮೆರಿಕದ ಸ್ಟ್ರೋಕ್ ಸಂಘದ 2022ರ ಮಾರ್ಗಸೂಚಿ ಹೇಳುತ್ತದೆ. 130ಕ್ಕಿಂತ ಕೆಳಗೆ ಇಳಿಸುವುದು ಅಪಾಯವಾಗಬಹುದು ಎಂದೂ ಅದು ಎಚ್ಚರಿಸುತ್ತದೆ. ಇನ್ನೊಂದು ಸಂಗತಿ ಬಹಳ ಮನೆಯವರಿಗೆ ಗೊತ್ತಿರುವುದಿಲ್ಲ. ಡಿಫ್ಯೂಷನ್ ಎಂ.ಆರ್.ಐ. (ರಕ್ತ ಸಾಲದೆ ಆದ ಹೊಸ ಗಾಯ ತೋರಿಸುವ ಸ್ಕ್ಯಾನ್) ತೆಗೆದಾಗ ಹೆಪ್ಪುಗಟ್ಟಿದ ಜಾಗದಿಂದ ದೂರದಲ್ಲಿ ಚಿಕ್ಕ ಬಿಳಿ ಚುಕ್ಕೆಗಳು ಕಾಣಿಸುವುದುಂಟು, ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಅವು ರಕ್ತ ಸಾಲದೆ ಆದ ಹೊಸ ಗಾಯಗಳು. ವರ್ಷಗಟ್ಟಲೆ ಬಿಪಿ ಇದ್ದು ಗಡುಸಾದ ಸಣ್ಣ ರಕ್ತನಾಳಗಳು ಒತ್ತಡ ಥಟ್ಟನೆ ಬಿದ್ದರೆ ಹೊಂದಿಕೊಳ್ಳಲಾರವು ಎಂಬುದು ಒಂದು ವಿವರಣೆ. ಬಿಪಿ ಇಳಿಸಿದ್ದೇ ಕಾರಣವೆಂದು ಎಲ್ಲ ಅಧ್ಯಯನಗಳೂ ಒಪ್ಪಿಲ್ಲ. ನಾಳಗಳ ಹಳೆಯ ಕಾಯಿಲೆಯೇ ಮುಖ್ಯ ಎನ್ನುವವರೂ ಇದ್ದಾರೆ.

ಆಸ್ಪತ್ರೆಯ ಗುರಿ ಬೇರೆ, ಮನೆಯ ಗುರಿ ಬೇರೆ. ಮುಂದೆ ಮತ್ತೆ ರಕ್ತಸ್ರಾವ ಆಗದಿರಲು ಸಾಮಾನ್ಯವಾಗಿ 130/80ರ ಗುರಿ ಇಡುತ್ತಾರೆ, ಅಲ್ಲಿಗೆ ನಿಧಾನಕ್ಕೆ ಇಳಿಸುತ್ತಾರೆ. ನಿಮ್ಮ ರೋಗಿಗೆ ಎಷ್ಟು ಎಂಬುದನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ವೈದ್ಯರಿಂದಲೇ ಬರೆಸಿಕೊಳ್ಳಿ.

ಕೊಳ್ಳುವಾಗ ಮಷಿನ್‌ಗಿಂತ ಮೊದಲು ತೋಳಿಗೆ ಸುತ್ತುವ ಪಟ್ಟಿ (ಕಫ್) ನೋಡಿ. ಟೈಲರ್ ಟೇಪಿನಿಂದ ತೋಳಿನ ನಡುಭಾಗದ ಸುತ್ತಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ. ಜೊತೆಗೆ ಬರುವ ಮಾಮೂಲಿ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ. ಅದಕ್ಕಿಂತ ದಪ್ಪವಿದ್ದರೆ 42ರವರೆಗಿನ ದೊಡ್ಡ ಪಟ್ಟಿ ಕೇಳಿ ತಗೊಳ್ಳಿ. ಬಿಗಿಯಾದ ಚಿಕ್ಕ ಪಟ್ಟಿ ಬಿಪಿಯನ್ನು ಹೆಚ್ಚಿಗೆ ತೋರಿಸುತ್ತದೆ, ಅದನ್ನು ನಂಬಿ ಮಾತ್ರೆ ಹೆಚ್ಚಿಸಿದರೆ ಬಿಪಿ ತೀರಾ ಇಳಿದು ರೋಗಿ ಕುಸಿಯಬಹುದು. ಹಿಂದಿನ ಓದುಗಳು ಉಳಿಯುವ ಮೆಮೊರಿ ಇರಲಿ. ಬ್ಲೂಟೂತ್, ಆ್ಯಪ್ ಇವಕ್ಕೆ ಹೆಚ್ಚು ಕೊಡಬೇಕಿಲ್ಲ, ಹತ್ತು ರೂಪಾಯಿಯ ನೋಟ್‌ಬುಕ್ ಸಾಕು.

ಬಳಕೆ ಹೀಗೆ: ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಿಸಿ. ಕಾಫಿ, ಬೀಡಿ ಅರ್ಧ ಗಂಟೆ ಮೊದಲೇ ನಿಲ್ಲಲಿ. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಯಿಂದ 2 ಸೆಂ.ಮೀ. ಮೇಲಿರಲಿ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಕೆಳಗೆ ದಿಂಬು ಇಡಿ. ಲಕ್ವ ಹೊಡೆದ ಕೈಗೆ ಕಟ್ಟಬೇಡಿ: ಸೋತ ಕೈಯಲ್ಲಿ ಕಡಿಮೆ, ಬಿಗಿತವಿದ್ದರೆ ಹೆಚ್ಚು ತೋರಿಸಬಹುದು. ಅಳೆಯುವಾಗ ಮಾತು ಬೇಡ. ಊರಿನಿಂದ ನೋಡಲು ಬಂದವರನ್ನು ಅಷ್ಟು ಹೊತ್ತು ಹೊರಗೇ ಕೂರಿಸಿ. ಬೆಳಿಗ್ಗೆ ಮಾತ್ರೆಗೆ ಮೊದಲು, ರಾತ್ರಿ ಒಮ್ಮೆ, ಒಂದು ನಿಮಿಷ ಬಿಟ್ಟು ಎರಡೆರಡು ಸಲ, 7 ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ವೈದ್ಯರಿಗೆ ತೋರಿಸಿ. ಎದ್ದು ನಿಲ್ಲಬಲ್ಲವರಿಗೆ ನಿಂತ 1 ಮತ್ತು 3ನೇ ನಿಮಿಷಕ್ಕೂ ನೋಡಿ: ಮೇಲಿನ ಅಂಕ 20, ಇಲ್ಲವೇ ಕೆಳಗಿನದು 10 ಇಳಿದರೆ ಅದನ್ನು ತಪ್ಪದೆ ತಿಳಿಸಿ.

ಮಷಿನ್‌ನ ದೊಡ್ಡ ಕೊರತೆ ಎದೆಬಡಿತ ಏರುಪೇರಾಗುವವರಲ್ಲಿ ಎದ್ದು ಕಾಣುತ್ತದೆ. ಓದು ಒಂದಕ್ಕೊಂದು ತಾಳೆಯಾಗದು, ಅಂಥವರಿಗೆ ಮೂರು ಸಲ ತೆಗೆಯಬೇಕು. ಬ್ಯಾಟರಿ ಸೋತರೆ ಪಟ್ಟಿ ಅರ್ಧಕ್ಕೇ ಉಬ್ಬಿ 'ಎರರ್' ಎನ್ನುತ್ತದೆ.

ಒಂದೇ ಓದು ನೋಡಿ ಮಾತ್ರೆ ಹೆಚ್ಚಿಸಬೇಡಿ, ಬಿಪಿ ಸರಿಯಾಗಿದೆ ಅಂತ ನಿಲ್ಲಿಸಲೂಬೇಡಿ. 180/120 ದಾಟಿದರೆ 5 ನಿಮಿಷ ಬಿಟ್ಟು ಮತ್ತೆ ನೋಡಿ, ಇಳಿಯದಿದ್ದರೆ ಆವತ್ತೇ ವೈದ್ಯರಿಗೆ ತಿಳಿಸಿ. ಜೋರು ತಲೆನೋವು, ವಾಂತಿ, ಮಾತು ತೊದಲುವುದು ಇದ್ದರೆ ಬಿಪಿ ಎಷ್ಟೇ ಇರಲಿ, ಎರಡನೇ ಸಲ ಅಳೆಯುತ್ತ ಕೂರದೆ 108ಕ್ಕೆ ಕರೆ ಮಾಡಿ.