ಅರವತ್ತೆಂಟರ ವಯಸ್ಸಿನಲ್ಲಿ ಮೋಡಿ ಅಕ್ಷರ: ಮಾಳಮಡ್ಡಿಯ ಒಂದು ವರ್ಗದ ಬಗ್ಗೆ

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೆಯ ಮನೆಯ ಮಾಳಿಗೆಯ ಮೇಲೆ ಪ್ರತಿ ಶನಿವಾರ ಮತ್ತು ರವಿವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ, ಹಳೆಯ ಮರಾಠಿ ಕಾಗದಗಳಲ್ಲಿ ಕಾಣುವ ಮೋಡಿ ಲಿಪಿಯ ವರ್ಗ ನಡೆಯುತ್ತದೆ. ಅವಧಿ ಮೂರು ತಿಂಗಳು, ಶುಲ್ಕ 1,500 ರೂಪಾಯಿ, ಹನ್ನೆರಡು ಜನರಿಗಷ್ಟೇ ಜಾಗ. ಕಲಿಸುವವರು ದಫ್ತರಖಾನೆಯ ಹಳೆಯ ಕಾಗದಗಳ ನಡುವೆ ನೌಕರಿ ಮುಗಿಸಿ ನಿವೃತ್ತರಾದ ಹಿರಿಯರು. ಇದ್ದ ಜಾಗಕ್ಕಿಂತ ಹೆಚ್ಚು ಜನ ಬಂದರೆ ಒಬ್ಬೊಬ್ಬರ ಅಕ್ಷರ ತಿದ್ದಲು ಆಗುವುದಿಲ್ಲ, ಆದುದರಿಂದ ತಮ್ಮ ಹೆಸರು ಬರೆಯಬೇಡಿರೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಅವರನ್ನು ಗುರುಗಳೆಂದಷ್ಟೇ ಕರೆಯುತ್ತೇನೆ. ಕಳೆದ ಅವಧಿಯನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದವನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹಾವೇರಿಯಲ್ಲಿರುವ ನಮ್ಮ ಅಣ್ಣನಿಗೆ ಎರಡು ವರ್ಷಗಳ ಹಿಂದೆ ಮರೆವಿನ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ ಮೇಲೆ, ನನ್ನ ಮಿದುಳನ್ನು ನಾನು ಹೇಗೆ ನೋಡಿಕೊಳ್ಳಬೇಕೆಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಗ ಫೋನಿನಲ್ಲಿ ‘ಮಿದುಳಿನ ಆಟ’ಗಳನ್ನು ಹಾಕಿಕೊಟ್ಟ. ಆರು ವಾರ ಶ್ರದ್ಧೆಯಿಂದ ಆಡಿದೆ, ಅಂಕಗಳು ಏರಿದವು, ಆದರೆ ಏರಿದ್ದು ಆ ಆಟದ ಅಂಕಗಳೇ ಹೊರತು ಪೇಟೆಗೆ ಹೋದಾಗ ಮರೆಯುವ ಸಾಮಾನುಗಳ ಸಂಖ್ಯೆ ಇಳಿಯಲಿಲ್ಲ. ಇಂಥ ಆಟಗಳನ್ನು ಮಾರುವ ಒಂದು ಕಂಪನಿ, ಮುಪ್ಪಿನ ಮರೆವನ್ನು ತಡೆಯುತ್ತೇವೆಂದು ಸಾಕಷ್ಟು ಆಧಾರವಿಲ್ಲದೆ ಜಾಹೀರಾತು ಕೊಟ್ಟದ್ದಕ್ಕಾಗಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿಗೆ 2016ರಲ್ಲಿ 20 ಲಕ್ಷ ಡಾಲರ್ ತೆರಬೇಕಾಯಿತು ಎಂಬುದನ್ನು ಆಮೇಲೆ ಓದಿದೆ. ಅಷ್ಟರಲ್ಲಿ ಮನೆಯ ಟ್ರಂಕಿನಲ್ಲಿ ಅಜ್ಜನ ಅಜ್ಜನ ಕಾಲದ ಒಂದು ವಾಟ್ನಿ ಕಾಗದ, ಅಂದರೆ ಆಸ್ತಿ ಹಂಚಿಕೆಯ ಪತ್ರ, ಸಿಕ್ಕಿತು. ಅದರಲ್ಲಿನ ಒಂದಕ್ಷರವೂ ನನಗೆ ತಿಳಿಯಲಿಲ್ಲ. ಅದನ್ನು ಹಿಡಿದುಕೊಂಡೇ ಮಾಳಮಡ್ಡಿಯ ಮೆಟ್ಟಿಲು ಹತ್ತಿದೆ.

ನಮ್ಮ ಸೀಮೆ ಪೇಶ್ವೆಯರ ಆಳಿಕೆಯನ್ನು ಕಂಡು, ಆಮೇಲೆ 1956ರ ನವೆಂಬರ್ 1ರವರೆಗೂ ಮುಂಬಯಿ ಆಡಳಿತದಲ್ಲಿದ್ದುದರಿಂದ ಇಂಥ ಕಾಗದಗಳು ಎಷ್ಟೋ ಮನೆಗಳ ಟ್ರಂಕುಗಳಲ್ಲಿವೆ. ಮೋಡಿಯೆಂದರೆ ಮರಾಠಿಯನ್ನು ವೇಗವಾಗಿ ಬರೆಯಲು ಬಳಸುತ್ತಿದ್ದ ಕೂಡಕ್ಷರ; ‘ಮೋಡಣೆ’, ಅಂದರೆ ಮುರಿಯುವುದು, ಎಂಬ ಮಾತಿನಿಂದ ಆ ಹೆಸರು ಬಂತೆಂದು ಹೇಳುವವರುಂಟು. ಬರೆಯುವವನು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ತಲೆಗೆರೆ ಎಳೆದು, ಅದಕ್ಕೆ ಅಕ್ಷರಗಳನ್ನು ತೂಗುಹಾಕುತ್ತಾ, ಸಾಧ್ಯವಾದಷ್ಟು ಲೇಖನಿ ಎತ್ತದೆ ಸಾಗುತ್ತಾನೆ. ಪದ ಪದಗಳ ನಡುವೆ ತೆರಪಿಲ್ಲ, ಪೂರ್ಣವಿರಾಮವಿಲ್ಲ, ಇಕಾರ ಈಕಾರಗಳ ಭೇದವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಹೀಗಾಗಿ ಓದುವವನು ಅಕ್ಷರ ಗುರುತಿಸಿದರೆ ಸಾಲದು. ಎಲ್ಲಿ ಪದ ಒಡೆಯಬೇಕು, ಆ ಕಾಲದ ವ್ಯವಹಾರದಲ್ಲಿ ಯಾವ ಮಾತು ಅಲ್ಲಿ ಬಂದೀತು ಎಂದು ಊಹಿಸಿ, ಮುಂದಿನ ಸಾಲಿನಿಂದ ಆ ಊಹೆಯನ್ನು ಪರೀಕ್ಷಿಸಿ, ತಪ್ಪಿದ್ದರೆ ಹಿಂದಿರುಗಿ ಬರಬೇಕು. ತೇದಿಗಳದ್ದು ಇನ್ನೊಂದು ಲೆಕ್ಕ. ನನ್ನ ಕಾಗದದಲ್ಲಿ ಫಸಲಿ 1262 ಎಂದಿತ್ತು. ಫಸಲಿಯೆಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ; ನಮ್ಮ ಕಡೆಯ ಫಸಲಿ ವರ್ಷಕ್ಕೆ 590 ಅಥವಾ 591 ಕೂಡಿಸಬೇಕೆಂದು ಗುರುಗಳು ಕಲಿಸಿದ ಮೇಲೆ ಅದು 1852-53ರದ್ದೆಂದು ತಿಳಿಯಿತು. ಕನ್ನಡದ ದುಂಡಗಿನ, ಬಿಡಿಬಿಡಿಯಾದ ಅಕ್ಷರಗಳನ್ನು ಅರವತ್ತು ವರ್ಷ ಓದಿದ ಕಣ್ಣಿಗೆ, ಓದುವುದೂ ದುಡಿಮೆಯೆಂಬುದು ಮರೆತೇ ಹೋಗಿತ್ತು.

ಈ ವರ್ಗದ ನಿಜವಾದ ಬೆಲೆ ಇರುವುದು ಆ ದುಡಿಮೆಯಲ್ಲಿಯೇ ಎಂದು ನನ್ನ ಅಭಿಪ್ರಾಯ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 60ರಿಂದ 90ರ ವಯಸ್ಸಿನ 221 ಜನರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವರಿಗೆ ಡಿಜಿಟಲ್ ಛಾಯಾಗ್ರಹಣ, ಕೆಲವರಿಗೆ ಕೌದಿಯಂಥ ಹೊಲಿಗೆ, ಕೆಲವರಿಗೆ ಎರಡನ್ನೂ, ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಕಲಿಸಿದರು. ಇನ್ನೊಂದು ಗುಂಪು ಹೊಸದೇನನ್ನೂ ಕಲಿಯದೆ ಕೂಡಿ ಹರಟುತ್ತಾ, ಪ್ರವಾಸ ಹೋಗುತ್ತಾ ಕಾಲ ಕಳೆಯಿತು. ಹೊಸ ಕೌಶಲ ಕಲಿತವರ, ಅದರಲ್ಲಿಯೂ ಛಾಯಾಗ್ರಹಣ ಕಲಿತವರ ನೆನಪಿನ ಶಕ್ತಿ ಹರಟಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಗೊತ್ತಿದ್ದನ್ನೇ ಮತ್ತೆ ಮತ್ತೆ ಮಾಡುವುದು ಹಿತವಾಗಿರಬಹುದು, ಆದರೆ ಗೊತ್ತಿಲ್ಲದ್ದಕ್ಕೆ ತಲೆಕೊಡುವುದೇ ಬೇರೆ. ಈ ಅಳತೆಗೋಲಿನಿಂದ ನೋಡಿದರೆ ಮೋಡಿ ವರ್ಗ ಗಟ್ಟಿಯಾಗಿ ನಿಲ್ಲುತ್ತದೆ; ಕೊರತೆಯೆಂದರೆ ವಾರಕ್ಕೆ ನಾಲ್ಕೇ ಗಂಟೆ. ಮನೆಯಲ್ಲಿ ಪ್ರತಿದಿನ ಕುಳಿತು ಬರೆಯದವರಿಗೆ ಇಲ್ಲಿ ಏನೂ ದಕ್ಕುವುದಿಲ್ಲ.

ಗುರುಗಳಿಗೆ ಇದು ಚೆನ್ನಾಗಿ ಗೊತ್ತು. “ಒಂದ ದಿನಾ ಬಿಟ್ರ ಎರಡ ದಿನದ್ದು ಹೋಗ್ತದ್ರಿ” ಎಂಬುದು ಅವರ ಮಾತು. ಪ್ರತಿ ಶನಿವಾರ ಹೊಸ ಪಾಠಕ್ಕೆ ಮೊದಲು ಹಿಂದಿನ ವಾರದ್ದನ್ನು, ಎರಡು ವಾರದ ಹಿಂದಿನದ್ದನ್ನು, ತಿಂಗಳ ಹಿಂದಿನದ್ದನ್ನು ಪುಸ್ತಕ ಮುಚ್ಚಿ ಹಲಗೆಯ ಮೇಲೆ ಬರೆಸುತ್ತಾರೆ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ನೋಡದೆ ನೆನಪಿಸಿಕೊಳ್ಳಲು ಹೆಣಗುವುದರಿಂದ, ಅದೂ ದಿನಗಳ ಅಂತರ ಬಿಟ್ಟು ಹೆಣಗುವುದರಿಂದ ಕಲಿಕೆ ಗಟ್ಟಿಯಾಗುತ್ತದೆ ಎಂಬುದು ಕಲಿಕೆಯ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ವೃತ್ತಿಯುದ್ದಕ್ಕೂ ಮಕ್ಕಳಿಗೆ ಪರೀಕ್ಷೆಯೆಂದರೆ ಅಂಕವೆಂದೇ ಕಲಿಸಿದ ನಾನು, ಪರೀಕ್ಷೆಯೇ ಪಾಠವಾಗಬಲ್ಲದೆಂದು ಈ ಮಾಳಿಗೆಯ ಮೇಲೆ ಕಲಿತೆ. ಮೂರನೆಯ ವಾರದಲ್ಲಿ ನನ್ನ ಕೈ ಹಲಗೆಯ ಮುಂದೆ ನಿಂತೇ ಬಿಟ್ಟಿತು, ಒಂದಕ್ಷರವೂ ಬರಲಿಲ್ಲ. ಯಾರೂ ನಗಲಿಲ್ಲ, ಗುರುಗಳು ಸೀಮೆಸುಣ್ಣವನ್ನು ಕೈಯಿಂದ ತೆಗೆದುಕೊಳ್ಳಲೂ ಇಲ್ಲ, ಸುಮ್ಮನೆ ಕಾದರು. ಆ ಕಾಯುವಿಕೆಗೆ ನಾನು ಕೃತಜ್ಞ.

ವರ್ಗದ ಭಾಷೆಯ ಬಗ್ಗೆಯೂ ಒಂದು ಮಾತು. ವಿವರಣೆ ಕನ್ನಡದಲ್ಲಿ, ಕಾಗದಗಳು ಮರಾಠಿಯಲ್ಲಿ, ಕಂದಾಯದ ಪದಗಳು ಬಹುಪಾಲು ಫಾರಸಿ ಅರಬ್ಬಿಯಿಂದ ಬಂದವು. ಹೈದರಾಬಾದಿನಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ಮರೆವಿನ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಮತ್ತು ಶಾಲೆಯ ಮುಖ ನೋಡದವರಲ್ಲಿಯೂ ಈ ವ್ಯತ್ಯಾಸ ಇತ್ತು. ಕನ್ನಡ, ಮರಾಠಿ, ಉರ್ದು ಬೆರೆತ ನಮ್ಮ ಓಣಿಗಳಲ್ಲಿ ಬೆಳೆದವರಿಗೆ ಇದು ಸಮಾಧಾನ ತರುವ ಸುದ್ದಿ. ಆದರೆ ಇದು ಇದ್ದ ರೋಗಿಗಳನ್ನು ಹೋಲಿಸಿ ನೋಡಿದ ಅಧ್ಯಯನವಾದುದರಿಂದ, ಅರವತ್ತರ ಮೇಲೆ ಭಾಷೆ ಕಲಿತರೆ ಅಷ್ಟೇ ವರ್ಷ ದಕ್ಕುತ್ತವೆ ಎಂದು ಅರ್ಥ ಮಾಡಿಕೊಳ್ಳಬಾರದು.

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪಣೆಯನ್ನು ಹೇಳಬೇಕು. ವರ್ಗದ ಕರಪತ್ರದಲ್ಲಿ ‘ಮೋಡಿ ಕಲಿಯಿರಿ, ಮರೆವಿನ ರೋಗ ದೂರವಿಡಿರಿ’ ಎಂದು ಅಚ್ಚಾಗಿತ್ತು. ಅಣ್ಣನನ್ನು ದಿನವೂ ನೆನೆಯುವ ನನಗೆ ಅದು ಸಹಿಸಲಾಗಲಿಲ್ಲ. ನಮ್ಮ ಅಣ್ಣ ರೋಗ ಬರುವವರೆಗೂ ಓದುತ್ತಿದ್ದವನು, ಊರಿನ ಲೆಕ್ಕಪತ್ರವನ್ನೆಲ್ಲ ಬಾಯಲ್ಲಿ ಇಟ್ಟುಕೊಂಡಿದ್ದವನು. ರೋಗ ಬಂದವರು ತಲೆ ಉಪಯೋಗಿಸಲಿಲ್ಲವೆಂಬ ಧ್ವನಿ ಆ ಸಾಲಿನಲ್ಲಿದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ, ಬದಲಿಸಬಹುದಾದ 14 ಕಾರಣಗಳನ್ನು ಜೀವನದುದ್ದಕ್ಕೂ ನಿಭಾಯಿಸಿದರೆ ಜಗತ್ತಿನ ಮರೆವಿನ ಪ್ರಕರಣಗಳಲ್ಲಿ ಶೇಕಡಾ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂದು ಅಂದಾಜಿಸಿತು. ಆ ಪಟ್ಟಿಯಲ್ಲಿ ಕಡಿಮೆ ಶಿಕ್ಷಣ ಒಂದು ಮಾತ್ರ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವಿ ಮತ್ತು ಕಣ್ಣಿನ ದೋಷ, ಒಂಟಿತನ, ಖಿನ್ನತೆ, ಹೊಗೆ ತುಂಬಿದ ಗಾಳಿ, ತಲೆಗೆ ಪೆಟ್ಟು, ದೇಹಕ್ಕೆ ವ್ಯಾಯಾಮವಿಲ್ಲದಿರುವುದು ಇವೂ ಇವೆ. ಉಳಿದ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು ನಮ್ಮ ಕೈಯಲ್ಲಿಲ್ಲ. ಇದನ್ನೆಲ್ಲ ಗುರುಗಳ ಮುಂದೆ ಇಟ್ಟಾಗ ಅವರು ಒಂದು ಕ್ಷಣ ಸುಮ್ಮನಿದ್ದು, ಉಳಿದ ಕರಪತ್ರಗಳಲ್ಲಿ ಆ ಸಾಲಿನ ಮೇಲೆ ತಾವೇ ಶಾಯಿಯಿಂದ ಗೆರೆ ಎಳೆದರು.

ಆ ಪಟ್ಟಿಯ ಕೆಲವು ಸಂಗತಿಗಳನ್ನು ನಿಭಾಯಿಸಲು ವರ್ಗವೇ ದಾರಿ ಮಾಡಿಕೊಟ್ಟಿತು ಎಂಬುದನ್ನೂ ಹೇಳದಿರಲಾರೆ. ಸಪ್ತಾಪುರದ ನಮ್ಮ ಮನೆಯಿಂದ ನಾನು ನಡೆದೇ ಹೋಗುತ್ತಿದ್ದೆ. ಬರಬರುತ್ತಾ ಉಳಿದ ದಿನಗಳಲ್ಲಿಯೂ ಬೆಳಿಗ್ಗೆ ನಲವತ್ತು ನಿಮಿಷ ನಡೆಯುವುದು ರೂಢಿಯಾಯಿತು. 120 ವೃದ್ಧರ ಮೇಲೆ ನಡೆಸಿ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವಾರಕ್ಕೆ ಮೂರು ದಿನ ನಲವತ್ತು ನಿಮಿಷ ಬಿರುಸಾಗಿ ನಡೆದವರ ಮಿದುಳಿನಲ್ಲಿ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗ ಒಂದು ವರ್ಷದಲ್ಲಿ ಸುಮಾರು ಶೇಕಡಾ 2ರಷ್ಟು ಬೆಳೆದಿತ್ತು. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದ ಸಹಪಾಠಿಯೊಬ್ಬರು ಪ್ರತಿ ಉಚ್ಚಾರವನ್ನೂ ತಪ್ಪಾಗಿ ಹೇಳುತ್ತಿದ್ದರು. ಅದು ಲಿಪಿಯ ತೊಡಕಲ್ಲ, ಕಿವಿಯ ತೊಡಕೆಂದು ಗುರುತಿಸಿದವರು ಪಕ್ಕದಲ್ಲಿ ಕೂಡುತ್ತಿದ್ದ ಅಕ್ಕನವರು. ಈಗ ಆ ಸಹಪಾಠಿ ಶ್ರವಣಯಂತ್ರ ಹಾಕಿಕೊಂಡಿದ್ದಾರೆ, ಮೊದಲಿಗಿಂತ ಹೆಚ್ಚು ಮಾತಾಡುತ್ತಾರೆ. ಮನೆಯಲ್ಲಿ ಒಬ್ಬರೇ ಇದ್ದಿದ್ದರೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಅನಾನುಕೂಲಗಳು ಸಣ್ಣವಲ್ಲ. ಮೆಟ್ಟಿಲುಗಳು ಕಡಿದಾಗಿವೆ, ಹಿಡಿದುಕೊಳ್ಳಲು ಕಟಕಟೆಯಿಲ್ಲ. ಹಿರಿಯರೇ ಬರುವ ವರ್ಗಕ್ಕೆ ಇದು ಮೊದಲು ಆಗಬೇಕಾದ ಕೆಲಸ. ಕಿಟಕಿಯ ಬೆಳಕು ಎಡಗಡೆಯ ಸಾಲಿಗಷ್ಟೇ ಸಾಲುತ್ತದೆ. ಝೆರಾಕ್ಸ್ ಪ್ರತಿಗಳು ಮಸುಕಾಗಿವೆ. ಗುರುಗಳು ಹಲಗೆಯ ಕಡೆ ಮುಖ ಮಾಡಿ ಮಾತಾಡುವುದರಿಂದ ಹಿಂದೆ ಕುಳಿತವರಿಗೆ ಅರ್ಧ ಕೇಳುವುದಿಲ್ಲ. ಮರಾಠಿ ಸ್ವಲ್ಪವೂ ಬಾರದವರಿಗೆ ಮೊದಲ ತಿಂಗಳು ಬಹಳ ಕಠಿಣ; ನಮ್ಮಲ್ಲಿ ಇಬ್ಬರು ಆ ಕಾರಣಕ್ಕೇ ಬಿಟ್ಟರು. ಅಂಥವರಿಗಾಗಿ ಎರಡು ವಾರದ ಪೂರ್ವಪಾಠ ಇದ್ದರೆ ಒಳ್ಳೆಯದು.

ಅವಧಿ ಮುಗಿಯುವ ಹೊತ್ತಿಗೆ ನನ್ನ ಕಾಗದದ ಹದಿನೇಳು ಸಾಲುಗಳಲ್ಲಿ ಒಂಬತ್ತನ್ನು ಓದಿದೆ. ಬಾವಿಯ ನೀರು ಎಂಟು ದಿನಕ್ಕೆ ಮೂರು ದಿನ ತಮ್ಮನಿಗೆ, ಐದು ದಿನ ಅಣ್ಣನಿಗೆ ಎಂದಿದೆ. ಹಾವೇರಿಗೆ ಹೋಗಿ ಅಣ್ಣನ ಮುಂದೆ ಓದಿದಾಗ, ನನ್ನ ಹೆಸರು ತಡವರಿಸಿದ ಅವನು ಹೊಲದ ಹೆಸರು ಕೇಳುತ್ತಲೇ ಅದರ ಬದುವಿನ ಮೇಲಿದ್ದ ಹುಣಸೆಗಿಡದ ಬಗ್ಗೆ ಬಹಳ ಹೊತ್ತು ಮಾತಾಡಿದ. ಉಳಿದ ಎಂಟು ಸಾಲುಗಳಿಗಾಗಿ ಎರಡನೆಯ ಅವಧಿಗೂ ಹೆಸರು ಕೊಟ್ಟಿದ್ದೇನೆ. ಅದು ದಸರೆಯ ನಂತರ ಶುರುವಾಗುತ್ತದೆ. ಸೇರುವವರು ಒಳ್ಳೆಯ ಭೂತಗನ್ನಡಿಯನ್ನೂ ತಮ್ಮ ಮನೆಯ ಒಂದು ಹಳೆಯ ಕಾಗದವನ್ನೂ ತರಬೇಕು, ಎಡಗಡೆಯ ಕಿಟಕಿಯ ಸಾಲು ಬೇಕಿದ್ದರೆ ಎಂಟಕ್ಕೆ ಹತ್ತು ನಿಮಿಷ ಮೊದಲೇ ಬರಬೇಕು.